ಹಿಮದ ಹಾದಿಯ ಅಂಚಿನಲ್ಲಿ ಯಾರ ಹೊಣೆ?

ಸರ್ಕಾರಿ ಸೇವೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದವನಿಗೆ ಅಪಘಾತಗಳ ತನಿಖಾ ವರದಿ ಹೊಸತೇನಲ್ಲ. ಅಂತಹ ವರದಿಗಳನ್ನು ನಾನು ಓದಿದ್ದೇನೆ. ಕೆಲವನ್ನು ಬರೆದೂ ಇದ್ದೇನೆ. ಅವುಗಳ ಕೊನೆಯ ಪುಟ ಬಹುಮಟ್ಟಿಗೆ ಒಂದೇ ಬಗೆಯದು. ಸತ್ತವನು ಎಚ್ಚರ ತಪ್ಪಿದ, ನಿಯಮವನ್ನು ಮೀರಿದ, ಅಥವಾ ವಿಧಿ ಮುನಿಯಿತು. 1994ರಲ್ಲಿ ನಾನು ಉಪವಿಭಾಗಾಧಿಕಾರಿಯಾಗಿದ್ದಾಗ ಕಲ್ಲುಗಣಿಯೊಂದರಲ್ಲಿ ನಡೆದ ಸಾವಿನ ಬಗ್ಗೆ ಬರೆದ ವರದಿಯೂ ಹಾಗೆಯೇ ಮುಗಿದಿತ್ತು. ಅದೇ ವರ್ಷದ ಆರಂಭದಲ್ಲಿ, ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ, ಜರ್ಮನಿಯ ಹಿಮದ ಇಳಿಜಾರಿನಲ್ಲಿ ಮೃತಪಟ್ಟ ಒಬ್ಬ ಆಸ್ಟ್ರಿಯನ್ ಮಹಿಳೆಯ ಸುದ್ದಿಯನ್ನು ಓದಿದ್ದೆ. ಹಿಮವನ್ನೇ ಕಾಣದ ಸೀಮೆಯವನಾದ ನನಗೆ ಆ ಕ್ರೀಡೆಯ ಗಂಧವೂ ಇರಲಿಲ್ಲ. ಆದರೆ ಆಕೆಗೆ ನಾಲ್ಕು ವರ್ಷದ ಮಗಳಿದ್ದಾಳೆ ಎಂಬ ಸಂಗತಿ ಮನಸ್ಸಿನಲ್ಲಿ ಉಳಿಯಿತು. ನಿವೃತ್ತಿಯ ಬಿಡುವಿನಲ್ಲಿ ಆಕೆಯ ಬದುಕನ್ನು ಕುರಿತು ಸಿಕ್ಕಿದ್ದನ್ನೆಲ್ಲ ಓದುತ್ತ ಹೋದಂತೆ, ನಾನು ಬರೆದ ಆ ಹಳೆಯ ವರದಿಯೂ ಮತ್ತೆ ಮತ್ತೆ ನೆನಪಾಗತೊಡಗಿತು.

ಆಕೆಯ ಹೆಸರು ಉಲ್ರಿಕೆ ಮಾಯರ್. ಜನಿಸಿದ್ದು 1967ರ ಅಕ್ಟೋಬರ್ 22ರಂದು, ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಪ್ರಾಂತ್ಯದ ರೌರಿಸ್ ಎಂಬ ಊರಿನಲ್ಲಿ. ಹೋಹೆ ಟೌಯರ್ನ್ ಪರ್ವತಶ್ರೇಣಿಯ ಮಡಿಲಲ್ಲಿರುವ ಈ ಕಣಿವೆ ಒಂದು ಕಾಲದಲ್ಲಿ ಚಿನ್ನದ ಗಣಿಗಳಿಗೆ ಹೆಸರಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಗಣಿ ನಡೆಸುತ್ತಿದ್ದ ಇಗ್ನಾಜ್ ರೊಯಾಖರ್ ಎಂಬಾತನ ಉತ್ಸಾಹದಿಂದ, ಸಮುದ್ರಮಟ್ಟದಿಂದ 3,100 ಮೀಟರಿಗೂ ಎತ್ತರದ ಸೋನ್‌ಬ್ಲಿಕ್ ಶಿಖರದ ಮೇಲೆ 1886ರಲ್ಲಿ ಹವಾಮಾನ ವೀಕ್ಷಣಾಲಯ ಸ್ಥಾಪನೆಯಾಯಿತು. ಚಿನ್ನ ಬರಿದಾದ ಮೇಲೆ ಇಂತಹ ಕಣಿವೆಗಳಿಗೆ ಹೊಸ ಜೀವನಾಧಾರವಾಗಿ ಒದಗಿದ್ದು ಹಿಮ. ಚಳಿಗಾಲದ ಪ್ರವಾಸಿಗರು, ಅವರಿಗೆ ಸ್ಕೀ ಕಲಿಸುವ ಶಾಲೆಗಳು, ತಂಗುಮನೆಗಳು, ಬೆಟ್ಟವೇರಿಸುವ ತಂತಿಮಾರ್ಗಗಳು, ಸ್ಕೀ ತಯಾರಿಸುವ ಕಾರ್ಖಾನೆಗಳು ಇವೆಲ್ಲ ಸೇರಿ ಆಲ್ಪ್ಸ್ ಪರ್ವತದ ಬಡ ಹಳ್ಳಿಗಳನ್ನು ಒಂದೆರಡು ತಲೆಮಾರುಗಳಲ್ಲಿ ಸ್ಥಿತಿವಂತ ಊರುಗಳನ್ನಾಗಿ ಮಾಡಿದವು.

ಈ ಹಿನ್ನೆಲೆಯನ್ನು ಗ್ರಹಿಸದೆ ಆಸ್ಟ್ರಿಯನ್ನರಿಗೆ ಸ್ಕೀ ಎಂದರೆ ಏನೆಂಬುದು ಅರ್ಥವಾಗುವುದಿಲ್ಲ. ಎರಡು ಮಹಾಯುದ್ಧಗಳಲ್ಲಿ ಸಾಮ್ರಾಜ್ಯವನ್ನೂ ಪ್ರತಿಷ್ಠೆಯನ್ನೂ ಕಳೆದುಕೊಂಡ ಒಂದು ಪುಟ್ಟ ದೇಶ ತನ್ನ ಸ್ವಾಭಿಮಾನವನ್ನು ಮರಳಿ ಕಟ್ಟಿಕೊಂಡದ್ದು ಬಹುಮಟ್ಟಿಗೆ ಹಿಮದ ಇಳಿಜಾರುಗಳ ಮೇಲೆ. 1956ರ ಕೊರ್ಟಿನಾ ಒಲಿಂಪಿಕ್ಸ್‌ನಲ್ಲಿ ಟೋನಿ ಸೈಲರ್ ಮೂರು ಚಿನ್ನದ ಪದಕ ಗೆದ್ದು ರಾಷ್ಟ್ರವೀರನಾದ. 1972ರಲ್ಲಿ ಕಾರ್ಲ್ ಶ್ರಾಂಟ್ಸ್‌ನನ್ನು ವೃತ್ತಿಪರನೆಂಬ ಆರೋಪದ ಮೇಲೆ ಸಪ್ಪೋರೋ ಒಲಿಂಪಿಕ್ಸ್‌ನಿಂದ ಹೊರಗಟ್ಟಿದಾಗ, ಅವನನ್ನು ಸ್ವಾಗತಿಸಲು ವಿಯೆನ್ನಾದ ಬೀದಿಗಳಲ್ಲಿ ಜನಸಾಗರವೇ ನೆರೆಯಿತು. ಮಹಿಳೆಯರಲ್ಲಿ, ಸಾಲ್ಜ್‌ಬರ್ಗ್ ಪ್ರಾಂತ್ಯದವಳೇ ಆದ ಆನ್‌ಮರಿ ಮೋಸರ್-ಪ್ರೋಲ್ 62 ವಿಶ್ವಕಪ್ ಗೆಲುವುಗಳನ್ನೂ ಆರು ಬಾರಿ ಸಮಗ್ರ ಪ್ರಶಸ್ತಿಯನ್ನೂ ಪಡೆದು ದಂತಕಥೆಯಾದಳು. ಉಲ್ರಿಕೆ ಬೆಳೆದದ್ದು ಈ ಪರಂಪರೆಯ ನೆರಳಿನಲ್ಲಿ. ಸ್ಕೀ ವಿಶ್ವಕಪ್ ಆರಂಭವಾದದ್ದೂ ಆಕೆ ಹುಟ್ಟಿದ 1967ರಲ್ಲೇ ಎಂಬುದು ಒಂದು ಕಾಕತಾಳೀಯ.

ಓದುಗರಲ್ಲಿ ಹಲವರಿಗೆ ಈ ಕ್ರೀಡೆಯ ಒಳವಿವರಗಳು ಪರಿಚಿತವಿರಲಾರವು. ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಸ್ಪರ್ಧಿ ಬೆಟ್ಟದ ಮೇಲಿನಿಂದ ಕೆಳಕ್ಕೆ, ನೆಟ್ಟ ಕಂಬಗಳ ನಡುವಿನ ಬಾಗಿಲುಗಳನ್ನು ತಪ್ಪದೆ ಹಾದು ಬರಬೇಕು. ಸಮಯವನ್ನು ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಅಳೆಯಲಾಗುತ್ತದೆ. ಸ್ಲಾಲಮ್ ಮತ್ತು ಜೈಂಟ್ ಸ್ಲಾಲಮ್‌ಗಳು ತಿರುವಿನ ಕೌಶಲವನ್ನು ಪರೀಕ್ಷಿಸುವ ಸ್ಪರ್ಧೆಗಳು. ಡೌನ್‌ಹಿಲ್ ಮತ್ತು ಸೂಪರ್-ಜಿ ವೇಗದ ಸ್ಪರ್ಧೆಗಳು. ಡೌನ್‌ಹಿಲ್‌ನಲ್ಲಿ ಗಂಟೆಗೆ 100 ಕಿ.ಮೀ.ಗೂ ಮೀರಿದ ವೇಗ ಸಾಮಾನ್ಯ. ಆದ್ದರಿಂದಲೇ ಸ್ಪರ್ಧೆಗೆ ಮುನ್ನ ಅದೇ ಹಾದಿಯಲ್ಲಿ ಅಭ್ಯಾಸದ ಓಟಗಳಿಗೆ ಅವಕಾಶವಿದೆ. ಸೂಪರ್-ಜಿಯಲ್ಲಿ ಆ ಸೌಲಭ್ಯವಿಲ್ಲ. ಬೆಳಿಗ್ಗೆ ಹಾದಿಯ ಪಕ್ಕದಲ್ಲಿ ನಿಧಾನವಾಗಿ ಇಳಿಯುತ್ತ ಪ್ರತಿ ತಿರುವನ್ನೂ ಕಣ್ಣಿನಲ್ಲಿ ಅಳೆದು, ನೆನಪಿನಲ್ಲಿಟ್ಟುಕೊಂಡು, ಮೊದಲ ಯತ್ನದಲ್ಲೇ ಪೂರ್ಣ ವೇಗದಲ್ಲಿ ಧುಮುಕಬೇಕು. ಧೈರ್ಯದಷ್ಟೇ ಬುದ್ಧಿಯನ್ನೂ ಬೇಡುವ ಸ್ಪರ್ಧೆ ಇದು. ವಿಶ್ವ ಚಾಂಪಿಯನ್‌ಷಿಪ್‌ಗೆ 1987ರಲ್ಲಿ, ಒಲಿಂಪಿಕ್ಸ್‌ಗೆ 1988ರಲ್ಲಿ ಸೇರ್ಪಡೆಯಾದ ಈ ಹೊಸ ಸ್ಪರ್ಧೆಯಲ್ಲೇ ಉಲ್ರಿಕೆ ಮಾಯರ್ ತನ್ನ ಹೆಸರನ್ನು ಸ್ಥಾಪಿಸಿದಳು.

1989ರ ಫೆಬ್ರುವರಿಯಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ವೇಲ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಸೂಪರ್-ಜಿಯಲ್ಲಿ ಎಲ್ಲರ ನಿರೀಕ್ಷೆ ಇದ್ದದ್ದು ಹಿಂದಿನ ವರ್ಷ ಕ್ಯಾಲ್ಗರಿಯಲ್ಲಿ ಒಲಿಂಪಿಕ್ ಚಿನ್ನ ಗೆದ್ದಿದ್ದ, ಆಸ್ಟ್ರಿಯಾದವಳೇ ಆದ ಸೀಗ್ರಿಡ್ ವೋಲ್ಫ್ ಮೇಲೆ. ಆದರೆ ಅಂದು ವೋಲ್ಫ್ ಬೆಳ್ಳಿಗೆ ತೃಪ್ತಳಾಗಬೇಕಾಯಿತು. ಜರ್ಮನಿಯ ಮಿಖಾಯೆಲಾ ಗೆರ್ಗ್ ಕಂಚು ಪಡೆದಳು. ಚಿನ್ನ ಬಂದದ್ದು ಇಪ್ಪತ್ತೊಂದು ವರ್ಷದ ಉಲ್ರಿಕೆಗೆ. ಅದುವರೆಗೆ ಆಕೆ ಒಂದು ವಿಶ್ವಕಪ್ ಸ್ಪರ್ಧೆಯನ್ನೂ ಗೆದ್ದಿರಲಿಲ್ಲ. ಆ ದಿನ ಆಕೆ ಕೆಲವು ತಿಂಗಳ ಗರ್ಭಿಣಿಯಾಗಿದ್ದಳು ಎಂಬುದು ಲೋಕಕ್ಕೆ ತಿಳಿದದ್ದು ಆಮೇಲೆ. ಅದೇ ವರ್ಷದ ಜುಲೈನಲ್ಲಿ ಮಗಳು ಹುಟ್ಟಿದಳು.

ಇಲ್ಲಿಗೆ ಆಕೆಯ ಕ್ರೀಡಾಜೀವನ ಮುಗಿಯಿತೆಂದು ಹಲವರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆ ಕಾಲದ ಸ್ಪರ್ಧಾವಲಯದಲ್ಲಿ ತಾಯಂದಿರು ತೀರಾ ವಿರಳ. ವರ್ಷದ ಬಹುಭಾಗ ಊರೂರು ತಿರುಗುವ, ದೇಹವೇ ಬಂಡವಾಳವಾದ ವೃತ್ತಿಯಲ್ಲಿ ಹೆರಿಗೆಯ ವಿರಾಮವೆಂದರೆ ಬಹುಮಟ್ಟಿಗೆ ನಿವೃತ್ತಿಯೆಂದೇ ಅರ್ಥವಾಗಿತ್ತು. ಉಲ್ರಿಕೆ ಆ ಲೆಕ್ಕಾಚಾರವನ್ನು ಸುಳ್ಳು ಮಾಡಿದಳು. 1991ರ ಜನವರಿಯ ಕೊನೆಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ಆಕೆಯ ಸ್ವಂತ ಪ್ರಾಂತ್ಯಕ್ಕೇ, ಸಾಲ್‌ಬಾಖ್‌ಗೆ ಬಂದಿತು. ತವರಿನ ಜನರ ಮುಂದೆ ಆಕೆ ಫ್ರಾನ್ಸ್‌ನ ಕರೋಲ್ ಮೆರ್ಲ್‌ಳನ್ನು ಹಿಂದಿಕ್ಕಿ ಸೂಪರ್-ಜಿ ಕಿರೀಟವನ್ನು ಉಳಿಸಿಕೊಂಡಳು. ಕೆಲವೇ ದಿನಗಳ ನಂತರ ಜೈಂಟ್ ಸ್ಲಾಲಮ್‌ನಲ್ಲಿ ಸ್ವೀಡನ್ನಿನ ಪರ್ನಿಲ್ಲಾ ವಿಬೆರ್ಗ್‌ಳ ಹಿಂದೆ ಬೆಳ್ಳಿಯನ್ನೂ ಪಡೆದಳು. ತಾಯಿಯಾದ ಮೇಲೆ ವಿಶ್ವ ಚಾಂಪಿಯನ್ ಪಟ್ಟವನ್ನು ಉಳಿಸಿಕೊಂಡ ಈ ಸಾಧನೆ ಇಂದಿನ ಕ್ರೀಡಾಪಟುಗಳಿಗೂ ಸುಲಭದ್ದಲ್ಲ. ಮೂವತ್ತೈದು ವರ್ಷಗಳ ಹಿಂದೆ ಅದು ಎಷ್ಟು ದುಸ್ತರವಾಗಿತ್ತೆಂಬುದನ್ನು ಊಹಿಸಬಹುದು.

ಆ ಸಂಭ್ರಮದ ಮೇಲೆ ಒಂದು ಕರಿನೆರಳೂ ಇತ್ತು. ಸಾಲ್‌ಬಾಖ್ ಪಂದ್ಯಾವಳಿಗೆ ಕೆಲವೇ ದಿನ ಮುನ್ನ, ಸ್ವಿಟ್ಜರ್ಲೆಂಡಿನ ವೆಂಗೆನ್‌ನಲ್ಲಿ ಆಸ್ಟ್ರಿಯಾದ ಯುವ ಸ್ಪರ್ಧಿ ಗೆರ್ನೊಟ್ ರೈನ್‌ಸ್ಟಾಡ್ಲರ್ ಗುರಿರೇಖೆಯ ಸಮೀಪದಲ್ಲಿ ಬಿದ್ದು ಮೃತಪಟ್ಟಿದ್ದ. ಹಾದಿಯ ಅಂಚಿನ ರಕ್ಷಣಾಬಲೆಗಳ ಬಗ್ಗೆ ಆಗಲೇ ಪ್ರಶ್ನೆಗಳು ಎದ್ದಿದ್ದವು.

ಮುಂದಿನ ವರ್ಷಗಳಲ್ಲಿ ಉಲ್ರಿಕೆ ವಿಶ್ವಕಪ್‌ನಲ್ಲೂ ಗೆಲ್ಲತೊಡಗಿದಳು. ಒಟ್ಟು ಐದು ಗೆಲುವುಗಳು ಆಕೆಯ ಹೆಸರಿನಲ್ಲಿವೆ. ಅವೆಲ್ಲ ಬಂದದ್ದು ಸೂಪರ್-ಜಿ ಮತ್ತು ಜೈಂಟ್ ಸ್ಲಾಲಮ್‌ಗಳಲ್ಲಿ. ಡೌನ್‌ಹಿಲ್‌ನಲ್ಲಿ ಒಂದೂ ಇಲ್ಲ. ಒಲಿಂಪಿಕ್ ಪದಕ ಮಾತ್ರ ಆಕೆಗೆ ಒಲಿದಿರಲಿಲ್ಲ. 1994ರ ಫೆಬ್ರುವರಿ 12ರಂದು ನಾರ್ವೆಯ ಲಿಲ್ಲೆಹಾಮರ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ಆರಂಭವಾಗಲಿತ್ತು. ಆ ಋತುವಿನ ಕೊನೆಯಲ್ಲಿ ನಿವೃತ್ತಳಾಗಿ, ಮಗಳ ತಂದೆಯೊಂದಿಗೆ ವಿವಾಹವಾಗಿ ಸಂಸಾರ ನಡೆಸುವುದು ಆಕೆಯ ಯೋಜನೆಯಾಗಿತ್ತು. ವಯಸ್ಸು ಆಗ ಕೇವಲ ಇಪ್ಪತ್ತಾರು.

ಒಲಿಂಪಿಕ್ಸ್‌ಗೆ ಎರಡು ವಾರ ಮುನ್ನ, ಜನವರಿ 29ರ ಶನಿವಾರ, ಜರ್ಮನಿಯ ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್‌ನಲ್ಲಿ ಮಹಿಳೆಯರ ಡೌನ್‌ಹಿಲ್ ಸ್ಪರ್ಧೆ. ಹಾದಿಯ ಹೆಸರು ಕಾಂದಹಾರ್. ಆಲ್ಪ್ಸ್ ಪರ್ವತಕ್ಕೂ ಅಫ್ಘಾನಿಸ್ತಾನದ ಊರಿಗೂ ಏನು ಸಂಬಂಧವೆಂದು ನಾನೂ ಬೆರಗಾಗಿದ್ದೆ. ಕಾನ್ಪುರದಲ್ಲಿ ಹುಟ್ಟಿ, ಬ್ರಿಟಿಷ್ ಇಂಡಿಯಾದ ಸೈನ್ಯವನ್ನು 1880ರಲ್ಲಿ ಕಾಬೂಲಿನಿಂದ ಕಾಂದಹಾರಿಗೆ ನಡೆಸಿದ ಜನರಲ್ ರಾಬರ್ಟ್ಸ್‌ಗೆ ಮುಂದೆ ಆ ಊರಿನ ಹೆಸರೇ ಬಿರುದಾಯಿತು. 1911ರಲ್ಲಿ ಆತನ ಹೆಸರಿನ ಸ್ಕೀ ಪಾರಿತೋಷಕವೊಂದು ಸ್ಥಾಪನೆಯಾಯಿತು. ಅದರ ನೆನಪಿನಲ್ಲಿ ಇಂಗ್ಲಿಷರ ಸ್ಕೀ ಸಂಘವೊಂದು ಕಾಂದಹಾರ್ ಎಂಬ ಹೆಸರನ್ನಿಟ್ಟುಕೊಂಡಿತು. ಸಂಘ ನಡೆಸಿದ ಸ್ಪರ್ಧೆಗಳ ಮೂಲಕ ಆ ಹೆಸರು ಆಲ್ಪ್ಸ್‌ನ ಹಲವು ಇಳಿಜಾರುಗಳಿಗೆ ಅಂಟಿಕೊಂಡಿತು. ಭಾರತದ ಸಿಪಾಯಿಗಳು ಬೆವರು ಸುರಿಸಿ ನಡೆದ ದಂಡಯಾತ್ರೆಯೊಂದರ ನೆನಪು ಹೀಗೆ ಬವೇರಿಯಾದ ಹಿಮದ ಹಾದಿಯ ಮೇಲೆ ಉಳಿದುಕೊಂಡಿದೆ.

ಆ ಹಾದಿಯಲ್ಲಿ ಗಂಟೆಗೆ 100 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಇಳಿಯುತ್ತಿದ್ದ ಉಲ್ರಿಕೆಯ ಬಲಗಾಲಿನ ಸ್ಕೀಯ ಒಳ ಅಂಚು ಹಿಮವನ್ನು ಕಚ್ಚಿತು. ಕ್ಷಣಾರ್ಧದಲ್ಲಿ ಆಯತಪ್ಪಿ ಆಕೆ ಹಾದಿಯ ಅಂಚಿಗೆ ಎಸೆಯಲ್ಪಟ್ಟಳು. ಹೆಲ್ಮೆಟ್ ಕಳಚಿಹೋಯಿತು, ಕುತ್ತಿಗೆಯ ಮೂಳೆ ಮುರಿಯಿತು. ಹೆಲಿಕಾಪ್ಟರ್‌ನಲ್ಲಿ ಮುರ್ನೌ ಎಂಬಲ್ಲಿನ ಆಸ್ಪತ್ರೆಗೆ ಸಾಗಿಸಿದರೂ ಆಕೆ ಅದೇ ದಿನ ಕೊನೆಯುಸಿರೆಳೆದಳು. ಟೆಲಿವಿಷನ್ನಿನಲ್ಲಿ ನೇರಪ್ರಸಾರವಾಗುತ್ತಿದ್ದ ಸ್ಪರ್ಧೆ ಅದು. ಲಕ್ಷಾಂತರ ಜನ, ತಮ್ಮ ಮನೆಯ ಹಜಾರಗಳಲ್ಲಿ ಕುಳಿತು, ಆ ಬೀಳುವಿಕೆಯನ್ನು ಕಂಡರು. ಸ್ಪರ್ಧೆಯ ಫಲಿತಾಂಶ ರದ್ದಾಗಲಿಲ್ಲ. ಇಟಲಿಯ ಹದಿನೆಂಟು ವರ್ಷದ ಇಸೊಲ್ಡೆ ಕೋಸ್ಟ್‌ನರ್ ಅಂದು ತನ್ನ ಮೊತ್ತಮೊದಲ ವಿಶ್ವಕಪ್ ಗೆಲುವನ್ನು ಪಡೆದಳೆಂದು ದಾಖಲೆಗಳು ಹೇಳುತ್ತವೆ. ಒಬ್ಬ ಹುಡುಗಿಯ ಬದುಕಿನ ಅತಿ ದೊಡ್ಡ ಸಂತೋಷದ ದಿನ ಹೀಗೆ ಶಾಶ್ವತವಾಗಿ ಇನ್ನೊಬ್ಬಳ ಸಾವಿನ ದಿನವೂ ಆಯಿತು.

ಎರಡು ವಾರಗಳ ನಂತರ ಲಿಲ್ಲೆಹಾಮರ್ ಒಲಿಂಪಿಕ್ಸ್ ನಿಗದಿಯಂತೆ ನಡೆಯಿತು. ಡೌನ್‌ಹಿಲ್ ಚಿನ್ನ ಜರ್ಮನಿಯ ಕಾಟ್ಯಾ ಸೈಟ್ಸಿಂಗರ್‌ಗೆ, ಸೂಪರ್-ಜಿ ಚಿನ್ನ ಅಮೆರಿಕದ ಡಯಾನ್ ರಾಫ್‌ಗೆ ಸಂದವು.

ಉಳಿದದ್ದು ಹೊಣೆಯ ಪ್ರಶ್ನೆ. ಹಾದಿಯ ಅಂಚಿನಲ್ಲಿ ಸಮಯ ಅಳೆಯುವ ಉಪಕರಣಕ್ಕಾಗಿ ನೆಟ್ಟಿದ್ದ ಕಂಬಕ್ಕೆ ಆಕೆ ಬಡಿದಳೆಂಬ ಅಭಿಪ್ರಾಯ ಮೊದಲು ಹರಡಿತು. ಅಂತಹ ವೇಗದ ಹಾದಿಯ ಬದಿಯಲ್ಲಿ ಅಂತಹ ಗಟ್ಟಿ ವಸ್ತು ಏಕಿರಬೇಕಿತ್ತೆಂದು ಆಸ್ಟ್ರಿಯಾದಾದ್ಯಂತ ಆಕ್ರೋಶ ಎದ್ದಿತು. ಸ್ಪರ್ಧೆಯ ಮೇಲ್ವಿಚಾರಣೆ ನಡೆಸಿದ್ದ ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟದ ಇಬ್ಬರು ಅಧಿಕಾರಿಗಳ ವಿರುದ್ಧ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದ ಆರೋಪ ಬಂದು, ಮ್ಯೂನಿಕ್‌ನಲ್ಲಿ ವಿಚಾರಣೆ ನಡೆಯಿತು. ಅಲ್ಲಿ ಚಿತ್ರಮುದ್ರಿಕೆಗಳ ಪರಿಶೀಲನೆಯಿಂದ, ಪ್ರಾಣಾಂತಿಕ ಪೆಟ್ಟು ಕಂಬದಿಂದಲ್ಲ, ಬದಿಯ ಹಿಮದ ದಿಬ್ಬದಿಂದ ಆಯಿತೆಂಬ ವಾದಕ್ಕೆ ಬಲ ಬಂದಿತು. ಮೊಕದ್ದಮೆ ಯಾರಿಗೂ ಶಿಕ್ಷೆಯಾಗದೆ ಮುಕ್ತಾಯವಾಯಿತು.

ಕಾನೂನಿನ ದೃಷ್ಟಿಯಿಂದ ಈ ಮುಕ್ತಾಯವನ್ನು ಆಕ್ಷೇಪಿಸಲು ನನ್ನಲ್ಲಿ ಆಧಾರವಿಲ್ಲ. ಕ್ರಿಮಿನಲ್ ನ್ಯಾಯಾಲಯ ಕೇಳಬೇಕಾದದ್ದು ನಿರ್ದಿಷ್ಟ ವ್ಯಕ್ತಿಯ ನಿರ್ದಿಷ್ಟ ತಪ್ಪನ್ನು ಮಾತ್ರ. ಆದರೆ ಅರ್ಥಶಾಸ್ತ್ರದ ಹಳೆಯ ವಿದ್ಯಾರ್ಥಿಯಾಗಿ ನನಗೆ ಕಾಣುವ ಪ್ರಶ್ನೆ ಬೇರೆ. ಒಂದು ಉದ್ಯಮದಿಂದ ಲಾಭ ಪಡೆಯುವವರು ಹಲವರು: ಊರಿನ ಹೋಟೆಲುಗಳು, ಸ್ಕೀ ಕಂಪನಿಗಳು, ಪ್ರಾಯೋಜಕರು, ಪ್ರಸಾರ ಸಂಸ್ಥೆಗಳು, ಒಕ್ಕೂಟಗಳು, ಮನೆಯಲ್ಲಿ ಕುಳಿತು ರೋಮಾಂಚನ ಅನುಭವಿಸುವ ನಾವು. ಅಪಾಯವನ್ನು ಹೊರುವವಳು ಮಾತ್ರ ಒಬ್ಬಳೇ. ಲಾಭ ಹಂಚಿಹೋಗಿ ನಷ್ಟ ಒಬ್ಬರ ಮೇಲೆಯೇ ಬೀಳುವಲ್ಲಿ, ಅಪಾಯವನ್ನು ತಗ್ಗಿಸಲು ಖರ್ಚು ಮಾಡುವ ತುರ್ತು ಯಾರಿಗೂ ಇರುವುದಿಲ್ಲ. ಕಂಬವೋ ದಿಬ್ಬವೋ ಎಂಬ ಚರ್ಚೆಯಲ್ಲಿ, ಬೀಳುವವರು ಬಿದ್ದೇ ಬೀಳುತ್ತಾರೆ, ಅವರನ್ನು ಹಿಡಿಯಲು ಅಲ್ಲಿ ಏನಿತ್ತು ಎಂಬ ಮೂಲ ಪ್ರಶ್ನೆ ಹಿಂದೆ ಸರಿಯಿತು.

ಆಕೆ ಸ್ವಇಚ್ಛೆಯಿಂದ ಆ ಅಪಾಯಕ್ಕೆ ಒಡ್ಡಿಕೊಂಡಳಲ್ಲ ಎಂದು ಕೇಳುವವರಿದ್ದಾರೆ. ಚಿಕ್ಕ ಮಗುವಿನ ತಾಯಿ ಆ ಇಳಿಜಾರಿಗೆ ಹೋಗಬೇಕಿತ್ತೇ ಎಂದು ಕೇಳುವವರೂ ಇದ್ದಾರೆ. ಎರಡನೆಯ ಪ್ರಶ್ನೆಯನ್ನು ತಂದೆಯಾದ ಸ್ಪರ್ಧಿಗೆ ಯಾರೂ ಕೇಳುವುದಿಲ್ಲ ಎಂಬುದೇ ಅದಕ್ಕೆ ಸಾಕಷ್ಟು ಉತ್ತರ. ಮೊದಲನೆಯದು ಗಂಭೀರವಾದದ್ದು. ಸ್ಪರ್ಧಿ ಒಪ್ಪಿಕೊಳ್ಳುವುದು ತನ್ನ ಕೌಶಲದಿಂದ ಎದುರಿಸಬಹುದಾದ ಅಪಾಯವನ್ನು: ವೇಗವನ್ನು, ತಿರುವನ್ನು, ಮಂಜುಗಡ್ಡೆಯನ್ನು. ಹಾದಿಯ ಬದಿಯಲ್ಲಿ ಬೇರೊಬ್ಬರು ಬಿಟ್ಟುಹೋದದ್ದು ಆಕೆಯ ಕೌಶಲದ ವ್ಯಾಪ್ತಿಗೆ ಬರುವುದಿಲ್ಲ. ಅದು ವ್ಯವಸ್ಥೆಯ ಪಾಲು.

ಈ ಮಾತಿಗೆ ಪುಷ್ಟಿ ಕೊಡುವ ಒಂದು ಘಟನೆ ನಾಲ್ಕೇ ವರ್ಷಗಳಲ್ಲಿ ನಡೆಯಿತು. 1998ರ ನಾಗಾನೊ ಒಲಿಂಪಿಕ್ಸ್‌ನ ಡೌನ್‌ಹಿಲ್‌ನಲ್ಲಿ ಹರ್ಮನ್ ಮಾಯರ್ ಎಂಬ ಆಸ್ಟ್ರಿಯನ್ ಸ್ಪರ್ಧಿ ಗಾಳಿಯಲ್ಲಿ ತೂರಿ, ರಕ್ಷಣಾಬಲೆಗಳನ್ನು ಮುರಿದುಕೊಂಡು, ಮೃದುವಾದ ಹಿಮದಲ್ಲಿ ಹೋಗಿ ಬಿದ್ದ. ಎದ್ದು ನಿಂತವನು ಮೂರು ದಿನಗಳ ನಂತರ ಸೂಪರ್-ಜಿ ಚಿನ್ನವನ್ನು ಗೆದ್ದ. ಅವನೂ ಸಾಲ್ಜ್‌ಬರ್ಗ್ ಪ್ರಾಂತ್ಯದವನು. ಅಡ್ಡಹೆಸರು ಒಂದೇ ಆದರೂ ಬಂಧುವಲ್ಲ. ಇಬ್ಬರೂ ಭಯಾನಕ ವೇಗದಲ್ಲಿ ಬಿದ್ದವರು. ಒಬ್ಬನನ್ನು ಬಲೆಗಳೂ ಮೆತ್ತನೆಯ ಹಿಮವೂ ಬರಮಾಡಿಕೊಂಡವು. ಇನ್ನೊಬ್ಬಳಿಗೆ ಆ ಭಾಗ್ಯವಿರಲಿಲ್ಲ. ಒಬ್ಬನ ಬೀಳುವಿಕೆ ಪವಾಡವೆಂದು ಕೊಂಡಾಡಲ್ಪಟ್ಟಿತು. ಇನ್ನೊಬ್ಬಳದು ದುರಂತವೆಂದು ದಾಖಲಾಯಿತು.

ಉಲ್ರಿಕೆಯ ಸಾವಿನ ನಂತರದ ದಶಕಗಳಲ್ಲಿ ಸ್ಪರ್ಧಾಹಾದಿಗಳ ಅಂಚಿನ ಬಲೆಗಳು ಹಲವು ಪದರಗಳಾದವು. ಹೆಲ್ಮೆಟ್‌ಗಳ ಗುಣಮಟ್ಟ ಬಿಗಿಯಾಯಿತು. 2024-25ರ ಋತುವಿನಿಂದ ವೇಗದ ಸ್ಪರ್ಧೆಗಳಲ್ಲಿ, ಬೀಳುವಾಗ ತಾನಾಗಿ ಉಬ್ಬಿ ಎದೆ-ಬೆನ್ನುಗಳನ್ನು ಕಾಯುವ ಏರ್‌ಬ್ಯಾಗ್ ಕಡ್ಡಾಯವಾಯಿತು. ಇವು ಸ್ವಾಗತಾರ್ಹ. ಆದರೆ ಸಾವು ನಿಂತಿಲ್ಲ. ಅದು ಸ್ಥಳ ಬದಲಿಸಿದೆ. 2001ರ ಸೂಪರ್-ಜಿ ವಿಶ್ವ ಚಾಂಪಿಯನ್, ಫ್ರಾನ್ಸ್‌ನ ರೆಜಿನ್ ಕವಾನ್ಯು ಅದೇ ವರ್ಷದ ಅಕ್ಟೋಬರಿನಲ್ಲಿ ಆಸ್ಟ್ರಿಯಾದ ಪಿಟ್ಸ್‌ಟಾಲ್‌ನ ಅಭ್ಯಾಸದ ಹಾದಿಯಲ್ಲಿ ತರಬೇತುದಾರನೊಬ್ಬನಿಗೆ ಢಿಕ್ಕಿ ಹೊಡೆದು ಮೃತಪಟ್ಟಳು. 2017ರಲ್ಲಿ ಫ್ರಾನ್ಸ್‌ನ ಡೇವಿಡ್ ಪ್ವಾಸೊನ್ ಕೆನಡಾದ ನಕಿಸ್ಕಾದಲ್ಲಿ, 2024ರಲ್ಲಿ ಇಟಲಿಯ ಹತ್ತೊಂಬತ್ತು ವರ್ಷದ ಮಟಿಲ್ಡೆ ಲೊರೆಂಜಿ ತನ್ನದೇ ದೇಶದ ಹಿಮನದಿಯೊಂದರ ಮೇಲೆ, ಅಭ್ಯಾಸದ ವೇಳೆಯಲ್ಲೇ ಪ್ರಾಣ ಕಳೆದುಕೊಂಡರು. ಸ್ಪರ್ಧೆಯ ದಿನ ಕ್ಯಾಮೆರಾಗಳಿರುತ್ತವೆ, ಆದ್ದರಿಂದ ಬಲೆಗಳೂ ಇರುತ್ತವೆ. ಅಭ್ಯಾಸದ ದಿನ ನೋಡುವವರಿಲ್ಲ. ಸುರಕ್ಷತೆಯ ಖರ್ಚು ಜನರ ಕಣ್ಣು ಬೀಳುವಲ್ಲಿಗೆ ಹರಿಯುತ್ತದೆಯೇ ಹೊರತು ಅಪಾಯ ಇರುವಲ್ಲಿಗೆಲ್ಲ ಹರಿಯುವುದಿಲ್ಲವೆಂಬ ಕಹಿ ಸತ್ಯವನ್ನು ಇಡೀ ಸೇವಾವಧಿಯಲ್ಲಿ ನಾನು ಬೇರೆ ಬೇರೆ ರೂಪಗಳಲ್ಲಿ ಕಂಡಿದ್ದೇನೆ.

ಆರಂಭದಲ್ಲಿ ಹೇಳಿದ ವರದಿಗೆ ಮರಳುತ್ತೇನೆ. ಸಿಡಿತದ ವೇಳೆಯಲ್ಲಿ ಕಾರ್ಮಿಕನು ನಿಗದಿತ ದೂರದಲ್ಲಿ ನಿಂತಿರಲಿಲ್ಲ ಎಂದು ನಾನು ಬರೆದಿದ್ದೆ. ಅದು ಸುಳ್ಳಲ್ಲ. ಆದರೆ ಆ ದೂರವನ್ನು ಸೂಚಿಸುವ ಒಂದು ಕೆಂಪು ಬಾವುಟವಾಗಲಿ, ಮರೆಗೆ ನಿಲ್ಲಲು ಒಂದು ಗೋಡೆಯಾಗಲಿ ಅಲ್ಲಿತ್ತೇ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಗಣಿಯ ಮಾಲೀಕನನ್ನೂ, ಪರಿಶೀಲನೆ ಮಾಡಬೇಕಿದ್ದ ನಮ್ಮವರನ್ನೂ, ಕೊನೆಗೆ ನನ್ನನ್ನೂ ಕೇಳಬೇಕಾಗುತ್ತಿತ್ತು. ಕಡತ ಮುಕ್ತಾಯವಾಯಿತು. ಕಾರ್ಮಿಕನ ಹೆಂಡತಿ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಎರಡು ಬಾರಿ ಕಚೇರಿಗೆ ಬಂದಿದ್ದಳು. ಮೂರನೆಯ ಬಾರಿ ಬರಲಿಲ್ಲ. ಆ ಮಗುವಿಗೂ ಆಗ ಸುಮಾರು ನಾಲ್ಕು ವರ್ಷವಿದ್ದಿರಬೇಕು.

ಉಲ್ರಿಕೆ ಮಾಯರ್‌ಳನ್ನು ಆಸ್ಟ್ರಿಯಾ ಮರೆತಿಲ್ಲ. ಎರಡು ಬಾರಿ ವಿಶ್ವ ಚಾಂಪಿಯನ್ ಆದವಳು, ಮಗುವನ್ನು ಹೆತ್ತು ಮತ್ತೆ ಗೆದ್ದವಳು ಎಂದು ಆಕೆಯ ಹೆಸರು ಉಳಿದಿದೆ. ಆಕೆಯ ಸಾವನ್ನು ಲಕ್ಷಾಂತರ ಜನ ಕಂಡದ್ದರಿಂದಲೇ ಕಂಬ ಯಾವುದು, ದಿಬ್ಬ ಯಾವುದು ಎಂದಾದರೂ ಒಂದು ನ್ಯಾಯಾಲಯ ಕುಳಿತು ಪರಿಶೀಲಿಸಿತು. ಯಾರೂ ಕಾಣದ ಸಾವುಗಳಿಗೆ ಇರುವುದು ನಮ್ಮಂತಹವರು ಬರೆಯುವ ವರದಿಗಳು ಮಾತ್ರ. ಇಂದು ಆ ಕುರ್ಚಿಗಳಲ್ಲಿ ಕುಳಿತಿರುವ ಕಿರಿಯ ಅಧಿಕಾರಿಗಳು ಬಿದ್ದವರು ಹೇಗೆ ಬಿದ್ದರು ಎಂದು ಬರೆದು ಲೇಖನಿ ಕೆಳಗಿಡುವ ಮುನ್ನ, ಅವರು ಬಿದ್ದ ಜಾಗದಲ್ಲಿ ಏನಿತ್ತು, ಏನಿರಬೇಕಾಗಿತ್ತು ಎಂಬುದನ್ನೂ ಒಂದು ಪುಟ ಬರೆಯಲಿ. ನಾನು ಬರೆಯದೆ ಬಿಟ್ಟ ಪುಟ ಅದು.